ಪದಕ್ಕೆ ಬರುವವಳು

“ಇಷ್ಟು ದಿನ ನಾ ಕರದದ್ದು ಯಾರನ್ನ?”

ಒಲೆಯ ಮುಂದೆ ಕೂತ ತಿಮ್ಮವ್ವ ಗಟ್ಟಿಯಾಗಿಯೇ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಮಗಳು ಸೌಭಾಗ್ಯ ನಡುಮನೆಯಲ್ಲಿ ಮಲಗಿದ್ದಳು. ರಾಯಚೂರಿನ ಆಸ್ಪತ್ರೆಯಿಂದ ದೇವದುರ್ಗಕ್ಕೆ ಬರುವಾಗ ಬಸ್ಸಿನ ದಾರಿಯುದ್ದಕ್ಕೂ ತಾಯಿಯ ಸೆರಗು ಬಿಟ್ಟಿರಲಿಲ್ಲ.

ಮಾನ್ವಿಗೆ ಕೊಟ್ಟ ಮಗಳು. ಅಲ್ಲಿನ ಕಾಲುವೆಯಲ್ಲಿ ಅವಳ ಕೂಸು ಹುಲಿಗೇಶ ಕೈಜಾರಿ ನೀರುಪಾಲಾದ. ತವರಿಗೆ ಬಂದವಳು ಅಳಲಿಲ್ಲ. ಅವನ ಹೆಸರೆತ್ತಿದರೆ ಯಾರದೋ ಮಾತೆಂಬಂತೆ ನೋಡುತ್ತಿದ್ದಳು. ಒಂದು ಮಂಗಳವಾರ ತಿಮ್ಮವ್ವ ಚೌಡಿಕೆ ಮೀಟುತ್ತ ದೇವಿಯ ಪದ ಎತ್ತಿಕೊಂಡಾಗ ಸೌಭಾಗ್ಯಳ ನೋಟ ನಿಂತಿತು, ದನಿ ಬದಲಾಯಿತು.

“ಕೂಸು ನನ್ನ ಉಡ್ಯಾಗ ನಗಾಕತ್ತದ. ನೀ ಯಾಕ ಅಳ್ತಿ?”

ದೇವಿಯೇ ಮೈಮೇಲೆ ಬಂದಳೆಂದು ತಿಮ್ಮವ್ವ ಅಡ್ಡಬಿದ್ದು, ಮಗಳ ಹಣೆತುಂಬ ಭಂಡಾರ ಹಚ್ಚಿದಳು. ಓಣಿಯವರು ಕಾಯಿ ಹಿಡಿದು ಬಂದು ತಮ್ಮ ಕಷ್ಟ ಕೇಳತೊಡಗಿದರು. ಪದ ಶುರುವಾದರೆ ಸಾಕು, ಮಗಳು ಹೋಗಿ ಇನ್ನೊಬ್ಬಳು ಬರುತ್ತಿದ್ದಳು. ಬರಬರುತ್ತ ಆ ಇನ್ನೊಬ್ಬಳು ಹೊರಡುವುದೇ ತಡವಾಯಿತು. ಆಮೇಲೆ ಸೌಭಾಗ್ಯಳಿಗೆ ಏನೊಂದೂ ನೆನಪಿರುತ್ತಿರಲಿಲ್ಲ. ಮೊನ್ನೆ ಕನ್ನಡಿಯೊಳಗಿನ ಮುಖ ತೋರಿಸಿ, “ಯವ್ವಾ, ಈಕಿ ಯಾರ ಮನಿಯಾಕಿ?” ಎಂದಾಗ ತಿಮ್ಮವ್ವ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಪ್ರಿಯದರ್ಶಿನಿ ಬೈಯಲಿಲ್ಲ, ದೇವಿಯನ್ನು ಅಲ್ಲಗಳೆಯಲೂ ಇಲ್ಲ. ಇದು ನಾಟಕವಲ್ಲ, ತಾಳಲಾರದ್ದನ್ನು ಮನಸ್ಸು ಒಂದು ಕೋಣೆಗೆ ಹಾಕಿ ಅಗಳಿ ಜಡಿದಿದೆ, ಕೂಸಿನ ನೆನಪಿನ ಜೊತೆ ಕೂಸಿನ ತಾಯಿಯೂ ಒಳಗೇ ಉಳಿದಿದ್ದಾಳೆ ಎಂದರು. ಆ ದನಿಯನ್ನು ಕರೆಯಬೇಡಿ, ಮಗಳನ್ನು ಅವಳ ಹೆಸರಿನಿಂದಲೇ ಕರೆಯಿರಿ, ಅತ್ತರೆ ಅಳಲು ಬಿಡಿ ಎಂದರು. ತಿಮ್ಮವ್ವ ತಲೆಯಾಡಿಸಿದಳು. ಒಂದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ: ಯಾರೂ ಬಾರದ ದಿನವೂ ತಾನು ಬಾಗಿಲು ಮುಂದೆ ಮಾಡಿ ಪದ ಹಾಡಿದ್ದಳು. ಕೂಸು ನಗುತ್ತಿದೆಯೆಂಬ ಆ ಒಂದು ಮಾತಿನ ಆಸೆಗೆ.

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಓಣಿಯ ಹುಲಗಪ್ಪ, ಕೈಯಲ್ಲಿ ಕಾಯಿ. ಸೊಸೆಗೆ ದಿನ ತುಂಬಿತ್ತು. ಹೆರಿಗೆ ಹೇಗಾದೀತೆಂದು ಕೇಳಬೇಕಿತ್ತು.

“ಒಂದ ಪದ ಯಕ್ಕಾ. ನಿನಗೂ ಮೊಮ್ಮಗನ ಸುದ್ದಿ ಸಿಗ್ತದ.”

ತಿಮ್ಮವ್ವನ ಕಣ್ಣು ಗೂಟದಲ್ಲಿದ್ದ ಚೌಡಿಕೆಯ ಕಡೆ ಹೋಯಿತು. ಅಷ್ಟರಲ್ಲಿ ನಡುಮನೆಯಿಂದ ಬಿಕ್ಕು ಕೇಳಿಸಿತು. ಸೌಭಾಗ್ಯ ಹುಲಿಗೇಶನ ಹೆಸರು ಹಿಡಿದು ಅಳುತ್ತಿದ್ದಳು. ಕಾಲುವೆಯ ದಂಡೆ ಬಿಟ್ಟು ಬಂದ ಮೇಲೆ ಇದೇ ಮೊದಲು.

“ಪಾಪ, ಅಳಾಕತ್ತಾಳ,” ಎಂದ ಹುಲಗಪ್ಪ. “ನೀ ಹಾಡಿದರ ಸುಮ್ಮನಾಗ್ತಾಳ.”

“ಹೌದು, ಸುಮ್ಮನಾಗ್ತಾಳ,” ಎಂದು ತಿಮ್ಮವ್ವ ಎದ್ದು ಬಂದು ಅವನ ದಾರಿಗೆ ಅಡ್ಡ ನಿಂತಳು. “ಅದಕ್ಕ ನಾ ಹಾಡಂಗಿಲ್ಲ. ಕಾಯಿ ತೊಗೊಂಡು ಮನಿಗೆ ಹೋಗು.”