ಉಂಡ ಹೋಗೋ ಯಪ್ಪಾ

ಗೋಕಾಕದ ಟಾಕೀಸಿಗೆ ಬರುವವರು ಸಿನಿಮಾ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಾರೆ. ಫೋನ್ ನೋಡುತ್ತಾರೆ, ಯಾರು ಯಾರ ಜೊತೆ ಬಂದಿದ್ದಾರೆಂದು ನೋಡುತ್ತಾರೆ, ಇಂಟರ್ವಲ್ ಯಾವಾಗ ಆದೀತೆಂದು ಬಾಗಿಲ ಕಡೆ ನೋಡುತ್ತಾರೆ. ಪರದೆಯ ಮೇಲೆ ನಾಯಕನ ತಾಯಿ ಸಾಯುತ್ತಿದ್ದರೆ ಇತ್ತ ಚುರಮುರಿ ಹಂಚಿಕೊಳ್ಳಲು ಜಗಳ ನಡೆದಿರುತ್ತದೆ. ನಾನು ಇದೇ ಊರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಗದ್ದಲ ಮಾಡುವವರನ್ನು ಸುಮ್ಮನಿರಿಸುವುದೇ ನನ್ನ ಅರ್ಧ ಉದ್ಯೋಗ. ಟಿಕೆಟ್ ತೆಗೆಸಿ ಕುಳಿತಲ್ಲಿಯೂ ಅದೇ ಕೆಲಸ ಮಾಡಬೇಕೆಂದರೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಈ ಸಲ ಹೋಗಲೇಬೇಕಾಯಿತು. ಸಿನಿಮಾದಲ್ಲಿ ನಮ್ಮ ಅವ್ವ ಇದ್ದಳು.

ಅವ್ವನ ಹೆಸರು ಸತ್ತೆವ್ವ, ಊರು ಘೋಡಗೇರಿ. ಹೋದ ವರ್ಷ ಸಿನಿಮಾದವರು ಊರಿಗೆ ಬಂದಾಗ, ಹಸಿದು ದಾರಿ ಹಿಡಿದ ನಾಯಕನನ್ನು ಊಟಕ್ಕೆ ಕರೆಯುವ ಮುದುಕಿಯೊಬ್ಬಳು ಅವರಿಗೆ ಬೇಕಾಗಿದ್ದಳು. ಸೋಮಪ್ಪ ಕಾಕಾನ ಹೊಲದಲ್ಲಿ ಕೂಲಿಗೆ ಕಳೆ ತೆಗೆಯುತ್ತಿದ್ದ ಅವ್ವನನ್ನು ಹಾಗೇ ಎಬ್ಬಿಸಿಕೊಂಡು ಹೋದರು. ಅವರ ಕಾಗದದಲ್ಲಿ ಏನೋ ಉದ್ದನೆಯ ಮಾತಿತ್ತಂತೆ. ಅವ್ವನ ನಾಲಿಗೆ ಹೊರಳಲೇ ಇಲ್ಲ. ಕೊನೆಗೆ ಡೈರೆಕ್ಟರ್ ಬೇಸತ್ತು, "ಅಮ್ಮಾ, ನಿಮ್ಮನೇಲಿ ಹೇಗೆ ಕರೀತೀರೋ ಹಾಗೇ ಕರೀರಿ" ಅಂದ. ಅವ್ವ ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ಕರೆದಳು.

"ಉಂಡ ಹೋಗೋ ಯಪ್ಪಾ!"

ಇಷ್ಟೇ ಮಾತು. ಆದರೆ ಈ ಮಾತನ್ನು ಅವ್ವ ನಮ್ಮ ಕೇರಿಯ ಆಚೆಗಿನ ಒಬ್ಬರಿಗೂ ಜನ್ಮದಲ್ಲಿ ಅಂದವಳಲ್ಲ. ಅಂದರೂ ಉಣ್ಣುವವರು ಯಾರು? ಸೋಮಪ್ಪ ಕಾಕಾ ಕೆಟ್ಟ ಮನುಷ್ಯನಲ್ಲ. ನನ್ನನ್ನು ಸಾಲೆಗೆ ಹಚ್ಚುವಾಗ ತಾನೇ ಬಂದು ಮಾಸ್ತರರ ಹತ್ತಿರ ಮಾತಾಡಿದವನು. ಅಪ್ಪ ಸತ್ತಾಗ ಅಂಗಳದಲ್ಲಿ ನಿಂತು ಖರೆ ಖರೆ ಕಣ್ಣೀರು ಹಾಕಿದವನು. ಆದರೆ ಅಂಗಳದಿಂದ ಒಳಗೆ ಬಂದಿಲ್ಲ, ನಮ್ಮ ಮನೆಯ ನೀರು ಸಹ ಕುಡಿದಿಲ್ಲ. ಅದು ಅವನಿಗೂ ಗೊತ್ತು, ನಮಗೂ ಗೊತ್ತು, ಯಾರೂ ಬಾಯಿ ಬಿಟ್ಟು ಆಡುವ ಮಾತಲ್ಲ. ಅಂಥ ಊರು ಸುತ್ತ ನಿಂತು ನೋಡುವಾಗ ಅವ್ವ ನಡುದಾರಿಯಲ್ಲಿ ಗಂಟಲು ಬಿಚ್ಚಿ ಕರೆದಳು. ಬೆಂಗಳೂರಿನ ಬೆಳ್ಳನೆಯ ನಾಯಕ ಬಂದು ಅವಳ ಕೈಯಿಂದ ರೊಟ್ಟಿ ಇಸಿದುಕೊಂಡು ತಿಂದ. ಅಂದಿನಿಂದ ಅವ್ವನಿಗೆ ಒಂದೇ ಆಸೆ: ಆ ಮಾತನ್ನು ದೊಡ್ಡ ಪರದೆಯ ಮೇಲೆ ತನ್ನ ದನಿಯಲ್ಲಿ ಎಲ್ಲರೂ ಕೂತು ಕೇಳಬೇಕು.

ಸಿನಿಮಾ ಬಂದ ಮೊದಲ ಐತವಾರ ಘೋಡಗೇರಿಯೇ ಟೆಂಪೋ ಮಾಡಿಕೊಂಡು ಬಂತು. ಸೋಮಪ್ಪ ಕಾಕಾ ಹಣೆತುಂಬ ವಿಭೂತಿ ಹಚ್ಚಿಕೊಂಡು ನಮ್ಮ ಮುಂದಿನ ಸಾಲಿನಲ್ಲೇ ಕುಳಿತ. ಫೋನ್ ಸೈಲೆಂಟ್ ಇಡಿ ಎಂದು ಪರದೆ ಬೇಡಿಕೊಂಡಿತು, ಜನ ಅದಕ್ಕೂ ಸೀಟಿ ಹೊಡೆದರು.

ಅವ್ವನ ದೃಶ್ಯ ಫೋನಿನಲ್ಲಿ ನೋಡುವ ಒಂದು ರೀಲ್ಸ್‌ನಷ್ಟೂ ಉದ್ದವಿಲ್ಲ. ಅವಳು ಪರದೆಯ ಮೇಲೆ ಬಂದದ್ದೇ ತಡ, ಟಾಕೀಸು ಹರಿದುಹೋಗುವ ಹಾಗೆ ಸೀಟಿ. ಎಲ್ಲರೂ ಫೋನ್ ಎತ್ತಿ ಶೂಟ್ ಮಾಡತೊಡಗಿದರು. ಕಣ್ಣೆದುರಿಗೆ ಇದ್ದದ್ದನ್ನು ಬಿಟ್ಟು ಅಂಗೈಯಲ್ಲಿ ನೋಡುವ ಈ ಚಟಕ್ಕೆ ಏನನ್ನಬೇಕೋ! ಅವ್ವ ಬಾಯಿ ತೆರೆದಳು. ಅದೇ ಹೊತ್ತಿಗೆ ಮುಂದಿನ ಸಾಲಿನಲ್ಲಿ ಹುಂಜ ಕೂಗಿತು.

ಅದು ಸೋಮಪ್ಪ ಕಾಕಾನ ಫೋನು. ಮನೆಯಲ್ಲಿ ಕೋಳಿಯ ಹೆಸರೆತ್ತದ ಮನುಷ್ಯ ಫೋನಿನಲ್ಲಿ ಮಾತ್ರ ಹುಂಜ ಸಾಕಿದ್ದ. ಮೊಮ್ಮಗಳು ಕಾಜಲ್ ಹಾಕಿಕೊಟ್ಟ ರಿಂಗ್‌ಟೋನು, ತೆಗೆಯಲು, ಸೈಲೆಂಟ್ ಇಡಲು ಇವನಿಗೆ ಬರುವುದಿಲ್ಲ. ಅದು ಕೂಗಿದರೆ ಘೋಡಗೇರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕೇಳುತ್ತದೆ.

"ಹಲೋ! ಹಾಂ, ಟಾಕೀಸಿನ್ಯಾಗ ಅದೇನಿ! ಕಬ್ಬ ಕಡ್ಯಾವ್ರನ್ನ ನಾಳಿಗೇ ಕಳಸ!"

"ಕಾಕಾ, ಆ ಫೋನ್ ಬಂದ್ ಮಾಡ್ರಿ!" ಎಂದು ಕೂಗಿದೆ.

"ಏನ ಮಾಡ್ಲಿ ತಂಗಿ, ಈ ಹುಂಜ ನನ್ನ ಮಾತ ಕೇಳಂಗಿಲ್ಲ."

ನಾನು ಪರದೆಯ ಕಡೆ ತಿರುಗುವಷ್ಟರಲ್ಲಿ ರೊಟ್ಟಿ ತಿಂದ ನಾಯಕ ಶಹರ ಮುಟ್ಟಿ ಯಾರನ್ನೋ ಹೊಡೆಯುತ್ತಿದ್ದ.

ಹೊರಗೆ ಬಂದ ಮೇಲೆ ಅವ್ವ ಒಬ್ಬೊಬ್ಬರನ್ನೇ ಕೇಳಿದಳು. "ನಾ ಅಂದದ್ದ ಕೇಳ್ತೇನ?" ಬಾಜೂ ಮನೆಯ ಉದ್ದವ್ವ, "ಕೇಳ್ಲಾರ್ದ ಏನ ಬೇ, ಭಾಳ ಛಲೋ ಅಂದಿ" ಅಂದಳು. "ಏನಂದೆ?" ಎಂದರೆ, "ಅದ... ನೀ ಅಂದದ್ದ" ಎಂದು ತಡವರಿಸಿದಳು. ಶೂಟ್ ಮಾಡಿದವರ ಫೋನುಗಳನ್ನೆಲ್ಲ ಇಸಿದುಕೊಂಡು ನೋಡಿದೆವು. ಎಲ್ಲದರಲ್ಲಿ ಅವ್ವನ ಬಾಯಿ ಆಡುತ್ತಿತ್ತು, ಎಲ್ಲದರಲ್ಲಿ ಸೀಟಿ ಮತ್ತು ಹುಂಜ. ಅವ್ವನಿಗೆ ಗೊಂದಲ ಹತ್ತಿತು. ಅಷ್ಟು ಮಂದಿಗೆ ಕೇಳಿಸಿದ್ದು ತನಗೊಬ್ಬಳಿಗೇ ಹೇಗೆ ಕೇಳಿಸಲಿಲ್ಲ, ಕಿವಿ ಕೆಟ್ಟಿತೇ ಎಂದು ನನ್ನನ್ನು ದಾರಿಯುದ್ದಕ್ಕೂ ಕೇಳಿದಳು.

"ಸುಮ್ನಿರ ಬೇ, ನಿನಗ ನಾ ಕೇಳಸ್ತೇನಿ" ಎಂದು ಹಟಕ್ಕೆ ಬಿದ್ದೆ.

ಬುಧವಾರ ರಜೆ ಹಾಕಿ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ಟಾಕೀಸಿನಲ್ಲಿ ಬೆರಳೆಣಿಕೆಯ ಮಂದಿ. ಮುಂದೆ ಕುಳಿತ ಹುಡುಗ ಹುಡುಗಿ ಸಿನಿಮಾ ನಡೆದಿರುವಾಗಲೇ ರೀಲ್ಸ್ ನೋಡುತ್ತಿದ್ದರು. ಕ್ಲಾಸಿನಲ್ಲಿ ಗದರುವಂತೆ ಗದರಿ ಫೋನ್ ಒಳಗಿಡಿಸಿದೆ. ಹಿಂದೆ ಒಬ್ಬ ಗೊರಕೆ ಹೊಡೆಯುತ್ತಿದ್ದ, ಅವನನ್ನೂ ಎಬ್ಬಿಸಿದೆ. ಅವ್ವನ ದೃಶ್ಯ ಬರುವ ಹೊತ್ತಿಗೆ ಫ್ಯಾನಿನ ಸಪ್ಪಳ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಗೆದ್ದೆ ಅಂದುಕೊಂಡೆ.

ಪರದೆಯ ಮೇಲೆ ಅವ್ವ ಬಾಯಿ ತೆರೆದಳು. ತೆಳ್ಳಗಿನ, ಸಕ್ಕರೆ ಸುರಿದಂಥ ದನಿಯೊಂದು ಕೇಳಿತು.

"ಊಟ ಮಾಡ್ಕೊಂಡು ಹೋಗು ಕಂದಾ..."

ಅವ್ವ ಹೊರಳಿ ಹಿಂದೆ ನೋಡಿದಳು. "ಯಾರ ಮಾತಾಡಿದ್ರ?"

"ಸಿನಿಮಾದಾಗ ಬೇ."

"ಸಿನಿಮಾದಾಗ ನಾನ ಇದ್ದೇನಲ್ಲ?"

 ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಡಬ್ಬಿಂಗ್ ಎಂದರೆ ಏನೆಂದು ತಿಳಿಸಿ ಹೇಳಿದೆ. ಚಿತ್ರ ಇಲ್ಲಿ ತೆಗೆಯುತ್ತಾರೆ, ದನಿಯನ್ನು ಬೆಂಗಳೂರಿನಲ್ಲಿ ಬೇರೆಯವರಿಂದ ತುಂಬಿಸುತ್ತಾರೆ, ಇದು ಎಲ್ಲರಿಗೂ ಮಾಡುವುದೇ ಎಂದೆ. ಅವ್ವ ಎಲ್ಲ ಕೇಳಿ, ತುಟಿಯ ಮೇಲೆ ಬೆರಳಾಡಿಸಿಕೊಂಡು, "ಹಂಗಾರ ನನ್ನ ಬಾಯಾಗ ಯಾರ ಕುಂತಾರ?" ಎಂದಳು. ಬಸ್ ಬಂದು ನಿಂತಾಗ, "ನಾ ಯಾರಿಗೂ ಕಂದಾ ಅಂದಿಲ್ಲವ್ವಾ" ಎಂದಳು. ನನಗೆ ಅಳು ಬಂತು. ಗದ್ದಲವೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿದ್ದು ಅದೇ ಮೊದಲು. ಹುಂಜವೇ ವಾಸಿಯಾಗಿತ್ತು.

ಮುಗಿಯಿತು ಎಂದುಕೊಂಡಿದ್ದೆ. ಶನಿವಾರ ಅವ್ವ ತಾನೇ ಫೋನ್ ಮಾಡಿಸಿದಳು. "ನಾಳೆ ಮತ್ತ ಹೋಗೂಣು. ಮಂದಿ ಇದ್ದಾಗ ಹೋಗೂಣು."

ಐತವಾರ ಟಾಕೀಸು ಮತ್ತೆ ತುಂಬಿತ್ತು. ಘೋಡಗೇರಿಯಿಂದ ಎರಡನೆಯ ಸಲ ನೋಡಲು ಬಂದವರಿದ್ದರು, ಸೋಮಪ್ಪ ಕಾಕಾನೂ ಬಂದಿದ್ದ. ಅದೇ ಗದ್ದಲ, ಅದೇ ಚುರಮುರಿ. ನಾನು ಯಾರನ್ನೂ ಗದರಲಿಲ್ಲ. ಅವ್ವನ ಮುಖ ಪರದೆಯ ಮೇಲೆ ಬಂದಾಗ ಬಾಜೂದಲ್ಲಿ ಅವ್ವ ಎದ್ದು ನಿಂತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಲದ ಆ ಬದುವಿಗೆ ಕೇಳುವಂಥ ದನಿಯಲ್ಲಿ ಕೂಗಿದಳು.

"ಉಂಡ ಹೋಗೋ ಯಪ್ಪಾ!"

ಬೆಂಗಳೂರಿನ ಆ ಸಕ್ಕರೆ ದನಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹಿಂದಿನಿಂದ ಒಬ್ಬ, ಕಿವಿಗೆ ಫೋನ್ ಹಿಡಿದುಕೊಂಡೇ, "ಏ ಮುದುಕಿ, ಸುಮ್ನ ಕುಂದ್ರ! ಸಿನಿಮಾ ನೋಡಾಕ ಬಿಡ!" ಎಂದು ಒದರಿದ. ಅಲ್ಲಿಯವರೆಗೆ ಆ ಟಾಕೀಸಿನಲ್ಲಿ ಯಾರಾದರೂ ಯಾರನ್ನಾದರೂ ಸುಮ್ಮನಿರು ಅಂದಿದ್ದರೆ ಅದು ನಾನೇ. ನಾನು ಕುರ್ಚಿಯ ಮೇಲೆ ಮಂಡಿಯೂರಿ ಅವನ ಕಡೆ ತಿರುಗಿದೆ. "ನೀ ಸುಮ್ನ ಕುಂದ್ರೋ! ಅಕಿ ಮಾತ ಅಕಿ ಆಡ್ಯಾಳ!"

ಆಗ ಮುಂದಿನಿಂದ ಸೋಮಪ್ಪ ಕಾಕಾನ ದನಿ ಬಂತು. "ಬಂದ್ನಿ ತಡಿ ಸತ್ತೆವ್ವಾ, ತಾಟ ಹಚ್ಚ!"

ಇಡೀ ಟಾಕೀಸು ನಕ್ಕಿತು, ಸೀಟಿ ಹೊಡೆಯಿತು. ನಾನೂ ನಕ್ಕೆ. ಅವ್ವ ಮೆಲ್ಲಗೆ ಕುಳಿತು ನನ್ನ ಕೈ ಹಿಡಿದುಕೊಂಡಳು, ಸಿನಿಮಾ ಮುಗಿಯುವವರೆಗೂ ಬಿಡಲಿಲ್ಲ.

ಆ ರಾತ್ರಿ ನಾನು ಊರಲ್ಲೇ ಉಳಿಯುವುದೆಂದು ಅವಳ ಜೊತೆ ಬಸ್ ಹತ್ತಿದೆ. ಅವ್ವ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು. "ಸೋಮಪ್ಪಾರು ಖರೇನ ಅಂದ್ರೇನ?"

"ಚ್ಯಾಷ್ಟಿಗೆ ಅಂದಿರ್ತಾರ ಬೇ. ಟಾಕೀಸಿನ್ಯಾಗ ಅಂದದ್ದ ಅದು."

"ನಾನೂ ಟಾಕೀಸಿನ್ಯಾಗ ಅಂದದ್ದ. ನಾ ಖರೇನ ಅಂದೇನಿ."

 ನಾನು ಟಿಕೆಟ್ ತೆಗೆಸಲು ಕಂಡಕ್ಟರನ ಕಡೆ ತಿರುಗಿದೆ. ಆಗಲೇ ಬಿಡಿಸಿ ಹೇಳಬೇಕಿತ್ತೋ ಏನೋ.

ಮುಂಜಾನೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಯಿತು. ಬದನೆಕಾಯಿ ಪಲ್ಯ, ಕಾರೆಳ್ಳು ಹಿಂಡಿ, ಗಟ್ಟಿ ಮೊಸರು. ನನಗಾಗಿ ಮಾಡುವ ಅಡಿಗೆ ಅದಲ್ಲವೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಹಬ್ಬಕ್ಕೆ ಮಾತ್ರ ಇಳಿಸುವ ಸ್ಟೀಲ್ ತಾಟನ್ನು ಬೂದಿ ಹಚ್ಚಿ ತಿಕ್ಕಿಟ್ಟಿದ್ದಳು. ಸೋಮಪ್ಪ ಕಾಕಾ ದಿನಾ ಹೊಲಕ್ಕೆ ಹೋಗುವುದು ನಮ್ಮ ಮನೆಯ ಮುಂದಿನಿಂದಲೇ.

ಗಾಡಿಯ ಸದ್ದು ಕೇಳಿ ಅವ್ವ ಹೊಸ್ತಿಲಿಗೆ ಬಂದಳು. ಕಾಕಾ ತಾನಾಗಿಯೇ ಗಾಡಿ ನಿಲ್ಲಿಸಿದ. ಎಂಜಿನ್ ಸಹ ಬಂದ್ ಮಾಡಿದ. "ನಿನ್ನಿ ಏನ ಒದರಿದೆವ್ವಾ ಸತ್ತೆವ್ವಾ! ಟಾಕೀಸೆಲ್ಲಾ ನಡಗಿತ ನೋಡ!" ಎಂದು ನಕ್ಕ. ಒಳ್ಳೆಯ ನಗೆಯೇ ಅದು, ಕಪಟವಿರಲಿಲ್ಲ.

ಅವ್ವ ಎರಡೂ ಕೈಯಲ್ಲಿ ತಾಟು ಹಿಡಿದಿದ್ದಳು. "ಉಂಡ ಹೋಗ್ರಿ ಯಪ್ಪಾ" ಅಂದಳು. ನಾಯಕನಿಗೆ ಇಲ್ಲದ 'ರಿ' ಒಂದನ್ನು ಇವನಿಗೆಂದು ಸೇರಿಸಿದ್ದಳು. ದನಿ ಮಾತ್ರ ಅದೇ.

ಕೇರಿಯಲ್ಲಿ ಸದ್ದೇ ಇರಲಿಲ್ಲ. ಉದ್ದವ್ವ ಕೊಡ ಹಿಡಿದು ನಿಂತಲ್ಲೇ ನಿಂತಿದ್ದಳು. ಇಂಥ ನಿಶ್ಶಬ್ದವನ್ನು ನಾನು ಟಾಕೀಸಿನಲ್ಲಿ ಬೇಡಿ ಬೇಡಿ ಸಾಕಾಗಿದ್ದೆ. ಕಾಕಾ ಒಂದು ಕಾಲು ನೆಲಕ್ಕಿಟ್ಟ. ತಾಟು ನೋಡಿದ, ಬಾಗಿಲು ನೋಡಿದ, ಆಮೇಲೆ ಹಿಂದಕ್ಕೆ ಊರಿನ ಕಡೆ ನೋಡಿದ. ಇಳಿದೇ ಬಿಡುತ್ತಾನೆ ಅನಿಸಿತು. ಈಗಲೂ ನನಗೆ ಅದು ಬಗೆಹರಿದಿಲ್ಲ, ಇಳಿಯಬೇಕೆಂದೇ ಆ ಕಾಲು ಕೆಳಗಿಟ್ಟಿದ್ದನೇನೋ. ಅಷ್ಟರಲ್ಲಿ ಅವನ ಕೈ ಕಿಸೆಗೆ ಹೋಯಿತು. ಫೋನ್ ತೆಗೆದು ಕಿವಿಗೆ ಹಚ್ಚಿಕೊಂಡ.

"ಹಲೋ... ಹಾಂ... ಬಂದ್ನಿ, ಬಂದ್ನಿ."

ಅವ್ವನಿಗೆ ಕೈಸನ್ನೆ ಮಾಡಿ, ಗಾಡಿಗೆ ಕಿಕ್ ಹೊಡೆದು ಹೊರಟೇಹೋದ.

ಅವ್ವ ತಾಟು ಹಿಡಿದು ನಿಂತೇ ಇದ್ದಳು. ಗಾಡಿಯ ಸದ್ದು ಹೊಲದ ಕಡೆ ಕರಗಿದ ಮೇಲೆ ನನ್ನ ಕಡೆ ತಿರುಗಿದಳು.

"ಫೋನ್ ಬಂದಿತ್ತೇನ ಅವರಿಗೆ?"

"ಹೂಂ ಬೇ."

"ಹುಂಜ ಕೂಗಲಿಲ್ಲಲ್ಲ."

 "ಸೈಲೆಂಟ್ ಇಟ್ಟಿರಬೇಕ ಬಿಡ ಅವ್ವಾ" ಅಂದೆ.

ಅವ್ವ ಆ ಮಾತನ್ನು ತಲೆಯೊಳಗೆ ಅತ್ತಿತ್ತ ಹೊರಳಿಸಿ ನೋಡಿದಳು. ನನ್ನ ಮುಖವನ್ನೂ ನೋಡಿದಳು. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲವೋ, ತಿಳಿದೂ ನನ್ನ ಬಾಯಿಂದ ಕೇಳಬೇಕಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಟಾಕೀಸಿನ್ಯಾಗ ಇಡದಾವ್ರು," ಎಂದಳು, "ನಮ್ಮ ಮನಿ ಮುಂದ ಯಾಕ ಇಟ್ರು?"