ಊರು ನೋಡಲು ಬಂದವಳು

ಕುದಿಯುತ್ತಿದ್ದ ಹಂಡೆಗೆ ಭದ್ರಮ್ಮ ಲಕ್ಕಿಸೊಪ್ಪು ಹಾಕಿದರು. ಆ ಕಹಿಗಂಪು ಮುಖಕ್ಕೆ ಬಡಿದೊಡನೆ ಅರವತ್ತು ವರ್ಷದ ಹಿಂದಿನ ಬಚ್ಚಲು ಕಣ್ಣ ಮುಂದೆ ಬಂತು. ಊರಿನ ಬಾಣಂತಿಯರಿಗೆಲ್ಲ ಅವರ ತಾಯಿ ಇದೇ ಸೊಪ್ಪಿನ ನೀರು ಕಾಯಿಸುತ್ತಿದ್ದರು. ಒಲೆಗೆ ಸೌದೆ ತಳ್ಳುವುದು ಪುಟ್ಟ ಭದ್ರಿಯ ಕೆಲಸ.

"ಅತ್ತೆ, ಸತ್ತೋರಿಗೂ ಇದನ್ನ ಹಾಕ್ತಾರಾ?" ಸೊಸೆ ಶ್ಯಾಮಲಾ ಕೇಳಿದಳು.

"ಒಂಬತ್ತು ವರ್ಷ ನೆಲ ಒರೆಸಿದ ಸೊಂಟ ಕಣೆ ಅದು. ಹಾಕ್ತಾರೆ."

ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಸಿದವಳು ಮಲಕವ್ವ. ವೈಟ್‌ಫೀಲ್ಡಿನಾಚೆಯ ಈ ಹಳ್ಳಿಯಲ್ಲಿ, ಭದ್ರಮ್ಮನವರ ಬಾಡಿಗೆಯ ಸಾಲುಮನೆಗಳಲ್ಲಿ ಮೂರನೆಯದು ಅವಳದು. ಇಂಡಿ ಕಡೆಯಿಂದ ಮಗಳು ಸವಿತಾಳೊಂದಿಗೆ ಬಂದು, ಗಾಜಿನ ಕಟ್ಟಡವೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ ಮಾತ್ರ ಕೆಲಸದ ಸುದ್ದಿಯೇ ಇಲ್ಲ. "ಊರು ನೋಡಾಕ ಬಂದೀನ್ರಿ" ಅನ್ನುತ್ತಿದ್ದಳು.

ಭದ್ರಮ್ಮನವರ ಮಗ ಲೋಕೇಶ್ ವ್ಯಾನು ತಂದು ನಿಲ್ಲಿಸಿ ಅಂಗಳಕ್ಕೆ ಬಂದವನು ಅಲ್ಲೇ ನಿಂತ. ಮಲಕವ್ವ ಮರದ ಕುರ್ಚಿಯಲ್ಲಿ ಕುಳಿತಿದ್ದಳು. ಹಣೆಯ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ. ಹೊರಲೆಂದು ಸಾಲುಮನೆಗಳ ಗಂಡಸರು ಕುರ್ಚಿಗೆ ಉದ್ದ ಬಿದಿರು ಕಟ್ಟಿದ್ದರು.

"ಇದೇನಮ್ಮಾ ಹಿಂಗೆ ಕೂರ್ಸಿದೀರಾ? ವ್ಯಾನಲ್ಲಿ ಹಿಡಿಯಲ್ಲ. ಮಲಗ್ಸಿ."

"ಮಲಗಸಂಗಿಲ್ರೀ ಅಣ್ಣಾರ," ಸವಿತಾ ತಾಯಿಯ ಮಂಡಿಯ ಮೇಲಿಂದ ಕೈ ತೆಗೆಯದೆ ಹೇಳಿದಳು. "ನಮ್ಮ ಕಡೆ ಕುಂದ್ರಿಸೇ ಒಯ್ತೀವಿ. ಕುಂದ್ರಿಸೇ ಮಣ್ಣು ಕೊಡ್ತೀವಿ."

"ಮೇನ್ ರೋಡಲ್ಲಿ ಮೂರು ಕಿಲೋಮೀಟರ್ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀರಾ? ಟ್ಯಾಂಕರ್ ಬಂದು ಗುದ್ದಿದ್ರೆ ಇನ್ನೂ ನಾಲ್ಕು ಜನಕ್ಕೆ ಗುಂಡಿ ತೋಡ್ಬೇಕಾಗುತ್ತೆ."

"ಬಂಡಿದಾರೀಲಿ ಓಗಾಣ," ಎಂದರು ಭದ್ರಮ್ಮ.

ಬಂಡಿದಾರಿ ಹಿಡಿದರೆ ಕೆರೆಯ ಪಕ್ಕದ ಸ್ಮಶಾನಕ್ಕೆ ಹತ್ತು ನಿಮಿಷ. ಅದರ ಎರಡೂ ಬದಿಯ ಹೊಲವನ್ನು ಭದ್ರಮ್ಮನವರ ಯಜಮಾನರು ಲಕ್ಷ್ಮಯ್ಯ ಲೇಔಟಿಗೆ ಮಾರಿದ್ದರು, ದಾರಿಯನ್ನು ಮಾರಿರಲಿಲ್ಲ. ಆದರೂ ದಾರಿಗೆ ಗೇಟು ಬಂತು. ಎರಡು ವರ್ಷದ ಹಿಂದೆ ಲಕ್ಷ್ಮಯ್ಯನವರೇ ತೀರಿಕೊಂಡಾಗ ಗೇಟಿನವರೊಡನೆ ಜಗಳವೇಕೆಂದು ಲೋಕೇಶ್ ಅಪ್ಪನನ್ನು ವ್ಯಾನಿನಲ್ಲಿ ಸುತ್ತುಬಳಸಿ ಒಯ್ದಿದ್ದ.

"ಅಮ್ಮಾ, ಸುಮ್ನೆ ಯಾಕೆ..."

"ನಿಮ್ಮಪ್ಪನ್ನ ಸಿಗ್ನಲ್ಲಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸ್ದೆ. ಇಂದ್ಗಡೆ ಇದ್ದೋನು ಆರ್ನ್ ಒಡೀತಿದ್ದ. ಅವತ್ತು ಸುಮ್ಕಿದ್ದೆ ಕಣೋ. ಇವತ್ತು ಇರಾಕಿಲ್ಲ. ಎತ್ರಪ್ಪಾ."

*

ಭಾನುವಾರ ಬಂತೆಂದರೆ ಮಲಕವ್ವ ಕಿಟಕಿ ಪಕ್ಕ ಜಾಗವಿರುವ ಯಾವುದೋ ಬಸ್ಸು ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿಯುತ್ತಿದ್ದಳು. ಅಲ್ಲಿ ಏನಿದೆಯೋ ಅದನ್ನು ನೋಡಿಕೊಂಡು ಬರುತ್ತಿದ್ದಳು. ಒಮ್ಮೆ ಭದ್ರಮ್ಮನವರನ್ನೂ ಬಿಡದೆ ಹೊರಡಿಸಿದಳು. ವೈಟ್‌ಫೀಲ್ಡಿನ ಹಳೆಯ ಹೆಂಚಿನ ಮನೆಯೊಂದರ ಮುಂದೆ ನಾಯಿಗೆ ಇಂಗ್ಲಿಷಿನಲ್ಲಿ ಬೈಯುತ್ತಿದ್ದ ಮುದುಕಿಯನ್ನು ತೋರಿಸಿದಳು. ಆ ಮುದುಕಿ ಇವಳಿಗೆ ಕೈಬೀಸಿ, ಬೇಲಿಯ ಸಂದಿಯಿಂದ ಎರಡು ಸೀಬೆಹಣ್ಣು ಕೊಟ್ಟಳು. ಅಲ್ಲಿಂದ ಒಂದು ಪಂಕ್ಚರ್ ಅಂಗಡಿಯ ಹಿಂದೆ. ಟೈರುಗಳ ನಡುವೆ ಕತ್ತಿ ಹಿಡಿದು ನಿಂತ ವೀರಗಲ್ಲು. ಅದರ ತಲೆಯ ಮೇಲೆ ಅಂಗಡಿಯವನ ಟವೆಲ್ಲು ಒಣಗುತ್ತಿತ್ತು.

"ಹುಟ್ಟಿದ್ದು ಈ ಸೀಮಿಯಾಗ, ಈ ಅಣ್ಣನ್ನ ನೋಡೇ ಇಲ್ಲೇನ್ರಿ ಅಕ್ಕಾರ?"

"ದನ, ಒಲ ಅಂತ ಪುರುಸೊತ್ತೆಲ್ಲಿತ್ತೆ?"

"ಈಗ ದನಾನೂ ಇಲ್ಲ, ಹೊಲಾನೂ ಇಲ್ಲ. ನಡೀರಿ, ಇನ್ನೊಂದು ಐತಿ."

ಆ ಇನ್ನೊಂದು ಬಂಡಿದಾರಿ. ಗೇಟಿನಲ್ಲಿ ಮಲಕವ್ವ ಸೆರಗು ಸಿಕ್ಕಿಸಿ, ಕಾವಲಿನ ಅಂಜನನಿಂದ ಪೆನ್ನು ಇಸಿದುಕೊಂಡು ರಿಜಿಸ್ಟರಿನಲ್ಲಿ ಹೆಸರು ಬರೆದಳು. ಬಂದ ಕಾರಣ: ಊರು ನೋಡಾಕ.

"ನಮ್ಮ ದಾರೀಲಿ ಓಡಾಡಾಕೆ ಎಸರು ಬರ್ಕೊಡ್ಬೇಕಾ? ನಾನು ಬರಾಕಿಲ್ಲ," ಎಂದು ಭದ್ರಮ್ಮ ತಿರುಗಿ ನಡೆದಿದ್ದರು.

"ನೀವು ಸಿಟ್ಟಿಲೆ ದಾರಿ ಬಿಟ್ರಿ," ಮಲಕವ್ವ ಹಿಂದಿನಿಂದ ಕೂಗಿದ್ದಳು. "ನಾ ಬಿಡಂಗಿಲ್ಲ."

*

ಕುರ್ಚಿ ಹೊತ್ತವರು ಬಂದಾಗ ಗೇಟು ಹಾಕಿತ್ತು. ಲೇಔಟಿನ ಕಾರ್ಯದರ್ಶಿ ಹೇಮಲತಾ ಫೋನು ಹಿಡಿದು ಎದುರಿಗೆ ನಿಂತಿದ್ದರು.

"ಆಂಟಿ, ಪ್ಲೀಸ್. ಒಳಗೆ ಮಕ್ಕಳು ಆಡ್ತಿದಾರೆ. ಇದು ಪ್ರೈವೇಟ್ ರೋಡು. ಊರೋರು ಯಾರೂ ಇಲ್ಲಿ ಓಡಾಡೇ ಇಲ್ಲ, ಎಷ್ಟೋ ವರ್ಷದಿಂದ."

ಭದ್ರಮ್ಮ ಗೇಟಿನಾಚೆಯ ದಾರಿಯನ್ನೇ ನೋಡಿದರು. ಅವರು ಓಡಾಡಿರಲಿಲ್ಲ, ನಿಜ.

"ಓಡಾಡಿದಾರೆ ಮೇಡಂ," ಎಂದ ಅಂಜನ್. ಅಸ್ಸಾಮಿನವನು, ಐವತ್ತರ ಹತ್ತಿರದವನು. ಒಳಗಿಂದ ರಿಜಿಸ್ಟರು ತಂದು ಹಾಳೆ ತಿರುವಿದ. "ನೋಡಿ. ಈ ಅಮ್ಮ. ಇಲ್ಲಿ ನೋಡಿ. ಇಲ್ಲಿ. ಎಲ್ಲಾ ಸಂಡೇ ಬಂದಿದಾರೆ. ಮಳೆ ಇದ್ರೂ ಬಂದಿದಾರೆ."

ಹೇಮಲತಾ ಹಾಳೆಯನ್ನೂ ಕುರ್ಚಿಯನ್ನೂ ನೋಡಿದರು. "ಒಂದ್ಸಲ ಬಿಟ್ರೆ ನಾಳೆ ಎಲ್ರೂ ಬರ್ತಾರೆ."

"ಬರ್ತೀವಿ ತಾಯಿ," ಭದ್ರಮ್ಮ ಮುಂದೆ ಬಂದರು. "ಮುಂದಿನ ಸರದಿ ನಂದೇ. ಮುಖ ಚೆನ್ನಾಗಿ ನೋಡಿಟ್ಕೊ."

ಹೊತ್ತವರಲ್ಲಿ ಒಬ್ಬ ನಕ್ಕುಬಿಟ್ಟ. ಸವಿತಾಳಿಗೂ ಅಳುವಿನ ನಡುವೆ ನಗು ಬಂತು.

"ಅಂಜನ್, ತೆಗೀಬೇಡಿ. ತೆಗೆದ್ರೆ ನಿಮ್ಮ ಏಜೆನ್ಸಿಗೆ ಹೇಳ್ಬೇಕಾಗುತ್ತೆ."

ಅಂಜನ್ ಟೋಪಿ ತೆಗೆದು ರಿಜಿಸ್ಟರಿನ ಮೇಲಿಟ್ಟ. ಚಿಲಕ ಸರಿಸಿ, ಗೇಟಿನ ಎರಡೂ ಬಾಗಿಲನ್ನು ಗೋಡೆಗೆ ತಾಗುವವರೆಗೆ ತಳ್ಳಿದ.

ಮಲಕವ್ವ ಎಲ್ಲರ ತಲೆಯ ಮೇಲೆ ಕುಳಿತು ಒಳಗೆ ಹೋದಳು. ಎದುರು ಬಂದ ಕಾರಿನವಳು ಹಾರ್ನ್ ಮಾಡದೆ ಹಿಂದಕ್ಕೆ ತೆಗೆದುಕೊಂಡಳು. ಬಾಲ್ಕನಿಗಳಲ್ಲಿ ಜನ ನಿಂತರು. ಭದ್ರಮ್ಮ ದಾರಿಯ ನಟ್ಟನಡುವೆ ನಡೆದರು. ಸ್ಮಶಾನದಲ್ಲಿ ಅವರು ತೋರಿಸಿದ ಕಡೆಯೇ, ಲಕ್ಷ್ಮಯ್ಯನವರ ಪಕ್ಕ, ಆಳವಾಗಿ ಗುಂಡಿ ತೋಡಿ ಕೂರಿಸಿದರು. ದೂರದಿಂದಲೇ ಹಿಂಬಾಲಿಸಿ ಬಂದಿದ್ದ ಲೋಕೇಶ್ ಮೂರು ಹಿಡಿ ಮಣ್ಣು ಹಾಕಿ, ಯಾರಿಗೂ ಹೇಳದೆ ಹೊರಟುಹೋದ.

ಅವರು ಹಿಂತಿರುಗುವಾಗ ಗೇಟಿನಲ್ಲಿ ಬೇರೊಬ್ಬ ಕಾವಲಿನವನಿದ್ದ. ಅಂಜನ್ ಹೊರಗೆ ಮೈಲಿಗಲ್ಲಿನ ಮೇಲೆ ಕೂತಿದ್ದ, ಮಡಿಚಿದ ಯೂನಿಫಾರ್ಮು ತೊಡೆಯ ಮೇಲಿತ್ತು. ಭದ್ರಮ್ಮ ಹೆಜ್ಜೆ ಬೇಗ ಹಾಕಿದರು. ಅಷ್ಟರಲ್ಲಿ ಊರ ಕಡೆಯಿಂದ ಲೋಕೇಶ್ ಬಂದ. ಕೈಯಲ್ಲಿ ಊಟದ ಕ್ಯಾರಿಯರ್. ಗೇಟಿನ ಕಡೆ ನೋಡಲಿಲ್ಲ, ತಾಯಿಯ ಕಡೆಯೂ ನೋಡಲಿಲ್ಲ. ಮುಚ್ಚಳ ಬಿಚ್ಚಿ, ಬಿಸಿ ಅನ್ನಕ್ಕೆ ಸಾರು ಸುರಿದು ಅಂಜನನ ಕೈಗೆ ಕೊಟ್ಟು, ಅವನ ಪಕ್ಕ ನೆಲದ ಮೇಲೆ ಕೂತ.