ಬಿಳಿ ಬಿಟ್ಟ ಜಾಗ

ಇದ್ದಿಲಿನಲ್ಲಿ ಬರೆದ ಹನ್ನೆರಡು ಹೆಂಗಸರ ಬೆನ್ನು, ಒಂದಕ್ಕೂ ಮುಖವಿಲ್ಲ. ಗ್ಯಾಲರಿಯ ಗೋಡೆಗೆ ಅವನ್ನೆಲ್ಲ ತೂಗುಹಾಕುವಷ್ಟರಲ್ಲಿ ಕಲಾವಿದೆಯ ಸೊಂಟ ಬಿದ್ದುಹೋಗಿತ್ತು. ಏಳನೆಯದು ಅವಳ ಅಕ್ಕನದು. "ಮುಖ ಮಾತ್ರ ಬೇಡ ಕಣೇ, ಗೊತ್ತಾದ್ರೆ ನಿನ್ನ ಭಾವ ನನ್ನ ಸುಮ್ನೆ ಬಿಡಲ್ಲ" ಎಂದು ಆಣೆ ಮಾಡಿಸಿಕೊಂಡೇ ಅಕ್ಕ ಸ್ಟೂಲಿನ ಮೇಲೆ ಬೆನ್ನು ಹಾಕಿ ಕೂತಿದ್ದಳು. ಬಲ ಹೆಗಲಿನ ಕೆಳಗಿನ ಗುರುತನ್ನು ತಂಗಿ ಬರೆಯಲಿಲ್ಲ. ಸುತ್ತ ಇದ್ದಿಲು ತೀಡಿ, ಅಷ್ಟು ಕಾಗದವನ್ನು ಹಾಗೇ ಬಿಳಿ ಬಿಟ್ಟಳು.

ನೋಡಿದವರೆಲ್ಲ "ಕಿಟಕಿ ಬೆಳಕು ಎಷ್ಟು ಚೆನ್ನಾಗಿ ಬಿದ್ದಿದೆ!" ಎಂದು ತಲೆದೂಗಿದರು. ಬೆಳಕಂತೆ ಬೆಳಕು! ಅಂಗಿಯ ಕಾಲರಿನಲ್ಲಿ ಸುಕ್ಕು ಉಳಿಯಿತೆಂದು ಭಾವ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದ ಜಾಗ ಅದು.

ಎರಡನೆಯ ದಿನ ಆ ಭಾವನೇ ಬಂದ. ಊರಿಗೆಲ್ಲ ಬೆಣ್ಣೆಯಂಥ ಮಾತಿನ ಮನುಷ್ಯ. ಏಳನೆಯ ಚಿತ್ರದ ಮುಂದೆ ನಿಂತವನ ಮುಖ ಕಪ್ಪಿಟ್ಟಿತು. ನೇರ ಮ್ಯಾನೇಜರ್ ಕೋಣೆಗೆ ನುಗ್ಗಿದ.

ಮ್ಯಾನೇಜರ್ ಕೈ ಕೈ ಹಿಸುಕಿಕೊಳ್ಳುತ್ತ ಬಂದರು. "ಒಂದೇ ಒಂದು ಚಿತ್ರ ತಾನೇ ಮೇಡಂ? ಇಳಿಸಿಬಿಡೋಣ. ಮನೆ ವಿಷ್ಯ ಯಾಕೆ ಬೀದಿಗೆ?"

ಕಲಾವಿದೆಗೆ ಮೈಯೆಲ್ಲ ಉರಿಯಿತು. ಹೆಂಗಸಿನ ಮೈಮೇಲೆ ಏನು ಮಾಡಿದರೂ ಅದು ಮನೆಯ ವಿಷಯ, ಕಾಗದಕ್ಕೆ ತಂದರೆ ಮಾತ್ರ ಬೀದಿರಂಪ! ಇದು ಯಾವ ಸೀಮೆಯ ನ್ಯಾಯ?

"ಇಳಿಸಲ್ಲ. ಯಾರ ಬೆನ್ನು ಅಂತ ನಾನು ಎಲ್ಲೂ ಬರೆದಿಲ್ಲ."

"ಬರೀಬೇಕಾ? ನನ್ನ ಹೆಂಡ್ತಿ ನಂಗೆ ಗೊತ್ತಾಗಲ್ವಾ?" ಮ್ಯಾನೇಜರ್ ಹಿಂದೆಯೇ ಬಂದಿದ್ದ ಭಾವ ಕೂಗಿದ. "ಹೆಗಲ ಕೆಳಗೆ ನೋಡಿ, ಇಸ್ತ್ರಿಪೆಟ್ಟಿಗೆ ಗುರುತು!"

ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಅಲ್ಲಿದ್ದದ್ದು ಖಾಲಿ ಕಾಗದ. ನಿಧಾನವಾಗಿ ನೆಟ್ಟಗಾದರು.

"ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಹೇಗೆ ಬಂತು ಸಾರ್?"

ಸುತ್ತ ನಿಂತಿದ್ದ ಹೆಂಗಸರು ಚಿತ್ರ ಬಿಟ್ಟು ಭಾವನನ್ನೇ ನೋಡತೊಡಗಿದರು. ಬಾಲ ಮುದುರಿಕೊಂಡು ಅವನು ಮೆಟ್ಟಿಲಿಳಿದ.

ಅವನು ಮನೆ ಮುಟ್ಟಿದರೆ ಅಕ್ಕನ ಗತಿಯೇನು? ಕಲಾವಿದೆ ಕೂಡಲೇ ಅಕ್ಕನಿಗೆ ಫೋನು ಮಾಡಿದಳು. "ಈಗಲೇ ನನ್ನ ಕೋಣೆಗೆ ಹೊರಡು ಅಕ್ಕ. ಚಪ್ಪಲಿ ಹುಡುಕ್ತಾ ನಿಲ್ಲಬೇಡ."

ಅರ್ಧ ಗಂಟೆಯಲ್ಲಿ ಅಕ್ಕ ತಂಗಿ ಚಿತ್ರ ಬರೆಯುವ ಕೋಣೆಯಲ್ಲಿದ್ದಳು, ನಿಜಕ್ಕೂ ಬರಿಗಾಲಲ್ಲಿ. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಅಳುತ್ತಾಳೇನೋ ಎಂದು ತಂಗಿ ಕಾದಳು. ಅಕ್ಕ ಅದೇ ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಈ ಸಲ ತಂಗಿಗೆ ಎದುರಾಗಿ ಕೂತಳು.

"ಬರಿ," ಅಂದಳು. "ಏನೂ ಬಿಡಬೇಡ."